ಸಂಡೂರು ತಾಲ್ಲೂಕಿಗೆ ಮಾತ್ರ ಅನ್ವಯಿಸುವ ಬ್ಯಾಟರಿ ಕೈಪಿಡಿ

ಈ ಕೈಪಿಡಿ ಯಾರಿಗೆ

ಡೀಸೆಲ್ ಪಿಕಪ್ ಇಟ್ಟುಕೊಂಡು ಸಂಡೂರು, ಯಶವಂತನಗರ, ಬಂಡ್ರಿ, ಚೋರನೂರು, ತೋರಣಗಲ್ಲು ಸುತ್ತ ಬಾಡಿಗೆ ಹೊಡೆಯುವವರಿಗೆ. ಗಾಡಿ ಜೊತೆ ಕಂಪನಿಯವರೇ ಒಂದು ಪುಸ್ತಕ ಕೊಟ್ಟಿದ್ದಾರಲ್ಲ ಎಂದು ನೀವು ಕೇಳಬಹುದು. ಕೊಟ್ಟಿದ್ದಾರೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇನ್ಶೂರೆನ್ಸ್ ಕಾಗದ, ಎಮಿಷನ್ ಚೀಟಿ, ಕುಮಾರಸ್ವಾಮಿ ಬೆಟ್ಟದ ವಿಭೂತಿ ಪೊಟ್ಟಣ, ಇಷ್ಟರ ಅಡಿಯಲ್ಲಿ ಅದು ಪ್ಲಾಸ್ಟಿಕ್ ಹೊದಿಕೆ ಹರಿಯದೆ ಬಿದ್ದಿದೆ. ತೆಗೆದು ಓದಿದರೆ ನಷ್ಟವೇನೂ ಇಲ್ಲ. ಆದರೆ ಅದನ್ನು ಬರೆದವರ ಮನಸ್ಸಿನಲ್ಲಿದ್ದ ಗಾಡಿ ಡಾಂಬರಿನ ಮೇಲೆ ಓಡುತ್ತದೆ, ನೆರಳಲ್ಲಿ ನಿಲ್ಲುತ್ತದೆ, ಪಾಸಿಂಗ್ ಆದಷ್ಟೇ ತೂಕ ಹೊರುತ್ತದೆ. ಅಂಥ ಗಾಡಿ ನಮ್ಮ ತಾಲ್ಲೂಕಿನಲ್ಲಿ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ.

ಬ್ಯಾಟರಿ ಸತ್ತಿದೆ ಎಂದು ಸಾರುವ ಕ್ರಮ

ಬೆಳಗಿನ ಜಾವ ಐದೂವರೆ. ಹೊಸಪೇಟೆ ಮಾರ್ಕೆಟ್ಟಿಗೆ ಟೊಮೆಟೊ ಮುಟ್ಟಿಸಬೇಕು. ಚಾವಿ ತಿರುವುತ್ತೀರಿ. ‘ಟಕ್’ ಅನ್ನುತ್ತದೆ. ಇನ್ನೊಮ್ಮೆ ತಿರುವುತ್ತೀರಿ. ಮೀಟರಿನ ದೀಪಗಳೆಲ್ಲ ಮಂಕಾಗಿ ಮತ್ತೆ ‘ಟಕ್’.

ಈಗ ಬಾನೆಟ್ ಎತ್ತಿ. ಎತ್ತಿದ ಬಾನೆಟ್ ಕಂಡ ಕೂಡಲೇ ಚಹಾದಂಗಡಿಯಿಂದ ನಾಲ್ಕು ಜನ ಎದ್ದು ಬರುತ್ತಾರೆ, ಕರೆಯಬೇಕಾಗಿಲ್ಲ. ಒಬ್ಬ “ಬ್ಯಾಟರಿ ಕೂತೈತಿ” ಅನ್ನುತ್ತಾನೆ. ಇನ್ನೊಬ್ಬ “ಇಲ್ಲೋ ಮಾಮ, ಸೆಲ್ಫ್ ಹೋಗೈತಿ” ಅನ್ನುತ್ತಾನೆ. ಮೂರನೆಯವರು ಹಿರಿಯರು, ಜನ್ಮದಲ್ಲಿ ಗಾಡಿ ಇಟ್ಟವರಲ್ಲ: “ಅಮಾಸಿಗೆ ಕಾಯಿ ಒಡದಿದ್ಯೇನಪಾ?” ನಾಲ್ಕನೆಯವನು ಮಾತಾಡದೆ ಬ್ಯಾಟರಿಯ ಟರ್ಮಿನಲ್ಲನ್ನು ಕಲ್ಲಿನಿಂದ ಎರಡು ಸಲ ಕುಟ್ಟುತ್ತಾನೆ. ಆಶ್ಚರ್ಯವೆಂದರೆ ಹತ್ತರಲ್ಲಿ ನಾಲ್ಕು ಸಲ ಗಾಡಿ ಆಗ ಸ್ಟಾರ್ಟ್ ಆಗುತ್ತದೆ. ಹಾಗೆ ಸ್ಟಾರ್ಟ್ ಆದರೆ ಅದರ ಅರ್ಥ ಬ್ಯಾಟರಿ ಚೆನ್ನಾಗಿದೆ, ಟರ್ಮಿನಲ್ ಕೆಟ್ಟಿದೆ ಎಂದು. ಆದರೆ ಆ ಹೊತ್ತಿಗೆ ಬಹುಮತದಿಂದ ತೀರ್ಮಾನ ಆಗಿಹೋಗಿರುತ್ತದೆ, ನೀವೂ ಹೊಸ ಬ್ಯಾಟರಿಗೆ ದುಡ್ಡು ಹೊಂದಿಸುವ ಯೋಚನೆಗೆ ಬಿದ್ದಿರುತ್ತೀರಿ. ತನ್ನ ಪರವಾಗಿ ವಾದ ಮಾಡಲಾರದ ಸಾಮಾನು ಬಾನೆಟ್ಟಿನೊಳಗೆ ಅದೊಂದೇ.

ಆದರೂ ಒಮ್ಮೆ ಮೀಟರ್ ಹಿಡಿಯಿರಿ

ಈ ಭಾಗವನ್ನು ಯಾರೂ ಪಾಲಿಸುವುದಿಲ್ಲವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯಲಾಗಿದೆ.

ಪಿಕಪ್ಪಿನ ಬ್ಯಾಟರಿಯೊಳಗೆ ಆರು ಸೆಲ್‌ಗಳು. ಒಂದೊಂದೂ ಸುಮಾರು 2.1 ವೋಲ್ಟ್. ರಾತ್ರಿಯೆಲ್ಲ ಸುಮ್ಮನೆ ನಿಂತ ಗಾಡಿಯಲ್ಲಿ ಬೆಳಿಗ್ಗೆ ಮೀಟರ್ ಹಿಡಿದಾಗ 12.6 ತೋರಿಸಿದರೆ ಹೊಟ್ಟೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಇಳಿದಿದ್ದರೆ ಚಾರ್ಜಿಗೆ ಹಾಕಬೇಕು. ಹಾಕಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತಿದ್ದರೆ ಆರರಲ್ಲಿ ಒಂದು ಸೆಲ್ ಹೋಗಿದೆ, ಅದಕ್ಕೆ ಔಷಧಿಯಿಲ್ಲ. ಇನ್ನು ಯಾರನ್ನಾದರೂ ಕೂರಿಸಿ ಸೆಲ್ಫ್ ಹೊಡೆಸಿ. ಹೊಡೆಯುವಾಗ ಮುಳ್ಳು ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ. ಬೀಳದೆಯೂ ಸೆಲ್ಫ್ ಎತ್ತದಿದ್ದರೆ ಬ್ಯಾಟರಿ ನಿರಪರಾಧಿ.

ಹಾಗಾದರೆ ಅಪರಾಧಿ ಯಾರು? ಬಹಳ ಸಲ ಅರ್ತ್ ವೈರು. ಬ್ಯಾಟರಿಯ ನೆಗೆಟಿವ್‌ನಿಂದ ಹೊರಟು ಚಾಸಿಗೆ, ಚಾಸಿಯಿಂದ ಗೇರ್‌ಬಾಕ್ಸಿಗೆ ಬೋಲ್ಟ್ ಹಾಕಿ ಬಿಗಿದ ಒಂದು ದಪ್ಪ ಪಟ್ಟಿ. ಮಳೆಗಾಲದಲ್ಲಿ ಅದಿರಿನ ಕೆಸರು, ಬೇಸಿಗೆಯಲ್ಲಿ ಅದಿರಿನ ಧೂಳು, ಎರಡೂ ಸೇರಿ ಆ ಬೋಲ್ಟಿನ ಬುಡದಲ್ಲಿ ಪದರ ಕಟ್ಟುತ್ತವೆ. ಡೀಸೆಲ್ ಎಂಜಿನ್ ಎಬ್ಬಿಸಲು ಸೆಲ್ಫಿಗೆ 200 ಆಂಪಿಯರ್ ಬೇಕೆಂದು ಇಟ್ಟುಕೊಳ್ಳಿ. ಆ ಬೋಲ್ಟಿನಲ್ಲಿ ಓಮಿನ ನೂರರಲ್ಲಿ ಒಂದು ಭಾಗ ತಡೆ ಇದ್ದರೂ ಸಾಕು, 2 ವೋಲ್ಟ್ ಅಲ್ಲೇ ಸೋರಿಹೋಯಿತು. ಪೆಟ್ರೋಲ್ ಗಾಡಿಯಾಗಿದ್ದರೆ ಹೇಗೋ ಸಾಗಿಸಿಬಿಡುತ್ತಿತ್ತು. ಡೀಸೆಲ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗೇ ಇಲ್ಲ. ಗಾಳಿಯನ್ನು ಹದಿನೇಳು ಹದಿನೆಂಟರಲ್ಲಿ ಒಂದು ಪಾಲಿಗೆ ಒತ್ತಿ, ಆ ಬಿಸಿಯಲ್ಲೇ ಎಣ್ಣೆ ಹೊತ್ತಿಕೊಳ್ಳಬೇಕು. ಸೆಲ್ಫ್ ನಿಧಾನ ತಿರುಗಿದರೆ ಗಾಳಿ ಅಷ್ಟು ಬಿಸಿಯಾಗುವುದಿಲ್ಲ, ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ.

ಮಾಡಬೇಕಾದ್ದು: ಬೋಲ್ಟ್ ಬಿಚ್ಚಿ, ಉಪ್ಪು ಕಾಗದದಲ್ಲಿ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಬಿಗಿಯಿರಿ. ಖರ್ಚು ಐದು ರೂಪಾಯಿ. ಇಷ್ಟು ಅಗ್ಗದ ರಿಪೇರಿ ಮೇಲೆ ಯಾರಿಗೂ ನಂಬಿಕೆ ಇರುವುದಿಲ್ಲ, ಮೊದಲನೆಯದಾಗಿ ಗಾಡಿ ಮಾಲೀಕರಿಗೆ.

ಎಂಜಿನ್ ಓಡುವಾಗಲೂ ಒಮ್ಮೆ ಮೀಟರ್ ಹಿಡಿಯಿರಿ. 13.8ರಿಂದ 14.4ರ ಒಳಗಿದ್ದರೆ ಡೈನಮೋ ತನ್ನ ಕೆಲಸ ಮಾಡುತ್ತಿದೆ. 12.5ರಲ್ಲೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲ, ನೀವು ಎಂಥ ಬ್ಯಾಟರಿ ತಂದರೂ ವಾರದಲ್ಲಿ ಅದೂ ಕೂರುತ್ತದೆ. 15 ದಾಟಿದರೆ ಬ್ಯಾಟರಿಯ ನೀರು ಕುದಿದು ಆರಿಹೋಗುತ್ತದೆ.

ಎಚ್ಚರಿಕೆ: ಎಂಜಿನ್ ಓಡುತ್ತಿರುವಾಗ ನೆಗೆಟಿವ್ ಕಿತ್ತು “ನೋಡು, ಗಾಡಿ ನಿಲ್ಲಲಿಲ್ಲ, ಡೈನಮೋ ಸರಿ ಐತಿ” ಎಂದು ತೋರಿಸುವ ಹಳೆಯ ಮೇಸ್ತ್ರಿಗಳು ಈಗಲೂ ಇದ್ದಾರೆ. ಹಳೆ ಡಿಐ ಗಾಡಿಗೆ ಆ ಪರೀಕ್ಷೆ ನಡೆಯುತ್ತಿತ್ತು. ಕಾಮನ್ ರೈಲ್ ಗಾಡಿಯಲ್ಲಿ ಕಂಪ್ಯೂಟರ್ ಇದೆ. ಬ್ಯಾಟರಿ ತಪ್ಪಿದ ಕ್ಷಣ ವೋಲ್ಟೇಜ್ ಎಗರಿ ಅದು ಸುಟ್ಟರೆ, ಅದರ ಬೆಲೆಯಲ್ಲಿ ಎಷ್ಟೋ ಬ್ಯಾಟರಿ ಬರುತ್ತವೆ. ಮೇಸ್ತ್ರಿಯ ಕೈ ಹಿಡಿದುಕೊಳ್ಳಿ. ವಯಸ್ಸಿನಲ್ಲಿ ಹಿರಿಯರಾದರೆ ಮೊದಲು ನಮಸ್ಕಾರ ಮಾಡಿ, ಆಮೇಲೆ ಹಿಡಿದುಕೊಳ್ಳಿ.

ಟಿಪ್ಪರಿನವನು ಸಹಾಯಕ್ಕೆ ಬಂದರೆ

ನಡುದಾರಿಯಲ್ಲಿ ಗಾಡಿ ನಿಂತರೆ ಸಂಡೂರಿನಲ್ಲಿ ಮೊದಲು ಬಂದು ನಿಲ್ಲುವುದು ಅದಿರಿನ ಟಿಪ್ಪರು. ಡ್ರೈವರ್ ಇಳಿದು, “ಏನಾತಣ್ಣ? ವೈರ್ ಕೊಡು, ಜಂಪ್ ಕೊಡ್ತೀನಿ” ಅನ್ನುತ್ತಾನೆ. ಇಷ್ಟು ಒಳ್ಳೆಯ ಮನಸ್ಸಿನವನನ್ನು ತಡೆಯುವುದು ಕಷ್ಟ. ಆದರೂ ತಡೆಯಿರಿ. ಟಿಪ್ಪರಿನಲ್ಲಿ ಎರಡು ಬ್ಯಾಟರಿ ಒಂದಕ್ಕೊಂದು ಸಾಲಾಗಿ ಕೂಡಿ 24 ವೋಲ್ಟ್ ಆಗಿರುತ್ತದೆ, ನಿಮ್ಮದು 12. ಎರಡರ ಕೊನೆಯ ತುದಿಗಳಿಗೆ ವೈರ್ ಸಿಕ್ಕಿಸಿದರೆ ಮ್ಯೂಸಿಕ್ ಪ್ಲೇಯರ್, ಬಲ್ಬು, ಕಂಪ್ಯೂಟರ್ ಎಲ್ಲವೂ ಒಟ್ಟಿಗೆ ಹೋಗುತ್ತವೆ. ತೆಗೆದುಕೊಳ್ಳಲೇಬೇಕು ಎಂದರೆ ಟಿಪ್ಪರಿನ ಎಂಜಿನ್ ಆರಿಸಿ, ಯಾವ ಬ್ಯಾಟರಿಯ ನೆಗೆಟಿವ್ ಚಾಸಿಗೆ ಅರ್ತ್ ಆಗಿದೆಯೋ ಅದೊಂದರಿಂದಲೇ ತೆಗೆದುಕೊಳ್ಳಿ. ಕೊನೆಯ ಕ್ಲಿಪ್ಪನ್ನು ನಿಮ್ಮ ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸದೆ ದೂರದ ಎಂಜಿನ್ ಕಬ್ಬಿಣಕ್ಕೆ ಕಚ್ಚಿಸಿ. ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಇರುತ್ತದೆ, ಅಲ್ಲಿ ಕಿಡಿ ಹಾರಬಾರದು. ಇದೇ ಕಾರಣಕ್ಕೆ ಬೀಡಿ ಕಚ್ಚಿಕೊಂಡು ಬಗ್ಗಬಾರದು, ನೀರು ಎಷ್ಟಿದೆ ಎಂದು ಕಡ್ಡಿ ಗೀರಿ ನೋಡಬಾರದು. ಕಡ್ಡಿ ಗೀರಿ ನೋಡಿದವರಿಗೆ ನೀರು ಕಂಡಿರುತ್ತದೆ, ಅದೇ ಕೊನೆಯ ಸಲ.

ತಳ್ಳಿ ಸ್ಟಾರ್ಟ್ ಮಾಡುವ ವಿದ್ಯೆ ಬಗ್ಗೆ ಒಂದು ಮಾತು. ಹಳೆ ಡಿಐ ಗಾಡಿಯಲ್ಲಿ ಡೀಸೆಲ್ ಪಂಪು ಯಂತ್ರದ ಬಲದಿಂದಲೇ ನಡೆಯುತ್ತದೆ, ಹಾಗಾಗಿ ಬ್ಯಾಟರಿ ಬಹುತೇಕ ಸತ್ತಿದ್ದರೂ ಇಳಿಜಾರಿನಲ್ಲಿ ಬಿಟ್ಟು ಗೇರಿಗೆ ಹಾಕಿದರೆ ಎದ್ದುಬಿಡುತ್ತದೆ. ಕಾಮನ್ ರೈಲ್ ಗಾಡಿ ಹಾಗಲ್ಲ. ಕಂಪ್ಯೂಟರಿಗೂ ಇಂಜೆಕ್ಟರಿಗೂ ಕರೆಂಟ್ ಬೇಕು, ಬ್ಯಾಟರಿ ಪೂರ್ತಿ ಸತ್ತಿದ್ದರೆ ದೇವಗಿರಿ ಗುಡ್ಡದ ನೆತ್ತಿಯಿಂದ ತಳ್ಳಿದರೂ ಕೆಳಗೆ ಬಂದು ಮುಟ್ಟುತ್ತದೆ ಹೊರತು ಸ್ಟಾರ್ಟ್ ಆಗುವುದಿಲ್ಲ. ಹೋದಲ್ಲೆಲ್ಲ ದಿಬ್ಬ ಹುಡುಕಿ ನಿಲ್ಲಿಸುವ ಡ್ರೈವರನ್ನು ಕಂಡರೆ ಬೇರೆ ವಿಚಾರಣೆ ಬೇಡ, ಅವನ ಬ್ಯಾಟರಿಯ ಕಥೆ ಗೊತ್ತಾದಂತೆ.

ಆಯ್ಕೆ

ಮೀಟರ್ ಹಿಡಿದದ್ದಾಯಿತು, ಅರ್ತ್ ಉಜ್ಜಿದ್ದಾಯಿತು, ಬ್ಯಾಟರಿ ನಿಜಕ್ಕೂ ಹೋಗಿದೆ. ಈಗ ಅಂಗಡಿಗೆ ಹೋಗಿ. ಸಂಡೂರಿನಲ್ಲೇ ಕೊಳ್ಳಬೇಕೋ, ಹೊಸಪೇಟೆಗೆ ಹೋಗಬೇಕೋ? 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ ಅದರ ಕೇಂದ್ರವಾಯಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಬ್ಯಾಟರಿ ವ್ಯಾಪಾರಕ್ಕೆ ಈ ಗಡಿ ಗೊತ್ತಿಲ್ಲ. ಹೊಸಪೇಟೆಯಲ್ಲಿ ಇನ್ನೂರು ರೂಪಾಯಿ ಕಡಿಮೆಗೆ ಸಿಗಬಹುದು. ಹೋಗಿಬರುವ ಡೀಸೆಲ್, ಅಲ್ಲಿ ತಿನ್ನುವ ಒಗ್ಗರಣೆ ಮಿರ್ಚಿ, ಎರಡನ್ನೂ ಕೂಡಿಸಿ ನೋಡಿ. ವಾರಂಟಿಗೆ ಜಗಳ ತೆಗೆಯಬೇಕಾದ ದಿನ ಯಾವ ಅಂಗಡಿಗೆ ನಡೆದು ಹೋಗಬಲ್ಲಿರೋ ಅಲ್ಲಿ ಕೊಳ್ಳುವುದು ಲೇಸು.

ಎಕ್ಸೈಡ್, ಅಮರಾನ್, ಎಸ್‌ಎಫ್ ಸೋನಿಕ್, ಟಾಟಾ ಗ್ರೀನ್. ಯಾವುದು ಒಳ್ಳೆಯದು ಎಂಬ ಚರ್ಚೆ ಚಹಾದಂಗಡಿಯಲ್ಲಿ ಈಗಾಗಲೇ ನಡೆದಿದೆ, ಮುಂದೆಯೂ ನಡೆಯುತ್ತದೆ. ಈ ಕೈಪಿಡಿ ಅದರೊಳಗೆ ಬಾಯಿ ಹಾಕುವುದಿಲ್ಲ. ನೀವು ನೋಡಬೇಕಾದ್ದು ಬೇರೆ. ಕಂಪನಿ ಪುಸ್ತಕ ಎಷ್ಟು ಆಂಪಿಯರ್-ಅವರ್ ಎನ್ನುತ್ತದೋ ಅಷ್ಟು ಇರಲಿ (ಅದರ ಪ್ಲಾಸ್ಟಿಕ್ ಹರಿಯಲು ಇದೊಂದು ಸಕಾರಣ). ಅದಕ್ಕಿಂತ ಸಣ್ಣದು ಬೇಡ. ದೊಡ್ಡದು ಟ್ರೇಯಲ್ಲಿ ಕೂರುವುದಿಲ್ಲ, ಕೂರದಿದ್ದಕ್ಕೆ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಕಟ್ಟುತ್ತೀರಿ, ಗಣಿ ರಸ್ತೆಯ ಗುಂಡಿಗಳಲ್ಲಿ ಅದು ಕುಣಿದು ಒಳಗಿನ ಪ್ಲೇಟಿನ ಮಸಾಲೆಯೆಲ್ಲ ಉದುರಿ ತಳ ಸೇರುತ್ತದೆ. ಟರ್ಮಿನಲ್ ಎಡಕ್ಕೋ ಬಲಕ್ಕೋ ನೋಡಿಕೊಳ್ಳಿ. ಅದಲು ಬದಲಾದರೆ ವೈರ್ ಎಟುಕುವುದಿಲ್ಲ, ಎಳೆದು ಎಟುಕಿಸಿದರೆ ಬಾನೆಟ್ಟಿಗೆ ತಾಗುತ್ತದೆ. ಡಬ್ಬದ ಮೇಲೆ ಒತ್ತಿರುವ ತಯಾರಿಕೆಯ ತಿಂಗಳನ್ನು ಓದಿಸಿ. ಆರು ತಿಂಗಳು ಅಂಗಡಿಯ ಮೂಲೆಯಲ್ಲಿ ಬಿಸಿಲು ಕಾದ ಬ್ಯಾಟರಿ ಹೊಸದಲ್ಲ, ಬರೀ ಮಾರಾಟವಾಗದ್ದು. ಮೇಲಿನ ಹಸಿರು ಕಣ್ಣನ್ನು ತೋರಿಸಿ “ಫುಲ್ ಚಾರ್ಜ್ ಐತಿ ನೋಡ್ರಿ” ಎಂದರೆ ತಲೆಯಾಡಿಸಿ, ನಂಬಬೇಡಿ. ಆ ಕಣ್ಣು ಆರು ಸೆಲ್‌ಗಳಲ್ಲಿ ಒಂದನ್ನು ಮಾತ್ರ ನೋಡುತ್ತದೆ.

ಇಷ್ಟರಲ್ಲಿ ನಿಮ್ಮ ಭಾವಮೈದುನನ ಫೋನ್ ಬರುತ್ತದೆ. “ಭಾವ, ಮನ್ಯಾಗ ಇನ್ವರ್ಟರ್ ಬ್ಯಾಟರಿ ಐತಲ್ಲ, 150 ಆಂಪಿಯರಿಂದು, ಅದನ್ನ ಹಾಕಿಬಿಡು, ಜೀವಮಾನ ಪೂರ್ತಿ ಬರ್ತೈತಿ.” ಬೇಡ. ಇನ್ವರ್ಟರಿನದು ದಪ್ಪ ಪ್ಲೇಟಿನ ಬ್ಯಾಟರಿ. ಫ್ಯಾನಿಗೂ ಟಿವಿಗೂ ತಾಸುಗಟ್ಟಲೆ ಸ್ವಲ್ಪ ಸ್ವಲ್ಪವೇ ಕೊಡಲು ಮಾಡಿದ್ದು. ಗಾಡಿಯದು ತೆಳು ಪ್ಲೇಟಿನದು, ಮೂರು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಎಸೆಯಲು ಮಾಡಿದ್ದು. ಭಾವಮೈದುನನಿಗೆ ಇದನ್ನು ವಿವರಿಸಲು ಹೋಗಬೇಡಿ, ಟ್ರೇ ಚಿಕ್ಕದು ಎಂದು ಹೇಳಿಬಿಡಿ.

ಆ ಮೂರು ಸೆಕೆಂಡಿನ ಲೆಕ್ಕ ಹಾಕಿ ನೋಡುವಂಥದ್ದು. 300 ಆಂಪಿಯರಿನಂತೆ ಮೂರು ಸೆಕೆಂಡ್ ಸೆಲ್ಫ್ ಹೊಡೆದರೆ ಖರ್ಚಾಗುವುದು ಕಾಲು ಆಂಪಿಯರ್-ಅವರ್ ಮಾತ್ರ. ಡೈನಮೋ ಅದನ್ನು ಊರ ಬಾಗಿಲು ದಾಟುವುದರೊಳಗೆ ತುಂಬಿಕೊಡುತ್ತದೆ. ಆದರೆ ತೋರಣಗಲ್ಲಿನ ಪ್ಲಾಂಟ್ ಗೇಟಿನೆದುರು ಪಾಸಿಗೆ ಕಾಯುತ್ತಾ, ಎಂಜಿನ್ ಆರಿಸಿ, ಹಾಡು ಹಚ್ಚಿ, ಫ್ಯಾನ್ ತಿರುಗಿಸಿ, ಎರಡು ಫೋನ್ ಚಾರ್ಜಿಗೆ ಹಾಕಿ ಮೂರು ತಾಸು ಮಲಗಿದರೆ? ತಾಸಿಗೆ 5 ಆಂಪಿಯರ್-ಅವರ್ ಎಂದರೂ ಹದಿನೈದು. ಅಂದರೆ ಅರವತ್ತು ಸಲ ಗಾಡಿ ಸ್ಟಾರ್ಟ್ ಮಾಡಿದಷ್ಟು. ಇನ್ನು ಮದುವೆ ಮೆರವಣಿಗೆಗೆ ಡಿಜೆ ಕಟ್ಟಿದವರ ವಿಷಯ: 1000 ವ್ಯಾಟಿನ ಆಂಪ್ಲಿಫೈಯರು ಪೂರ್ತಿ ಬಾಯಿಬಿಟ್ಟರೆ 80 ಆಂಪಿಯರ್ ದಾಟುತ್ತದೆ. ಜನರೇಟರ್ ಇಲ್ಲದೆ ಆ ಬಾಡಿಗೆ ಒಪ್ಪಿದವರು ವರನ ಮನೆ ಮುಟ್ಟುವ ಮೊದಲೇ ಮುಂಗಡ ಇಸಿದುಕೊಂಡಿರಬೇಕು.

ಬಿಚ್ಚುವುದು, ಕೂರಿಸುವುದು

ಬೇಕಾಗುವ ಸಾಮಾನು: ಹತ್ತರ ಸ್ಪ್ಯಾನರು, ಒಂದು ಚೊಂಬು ಬಿಸಿನೀರು, ಅಡುಗೆ ಸೋಡಾ, ವ್ಯಾಸಲೀನು, ಹಳೆಯ ಪ್ಯಾಂಟು. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಹತ್ತರ ಸ್ಪ್ಯಾನರು ನಿಮ್ಮ ಟೂಲ್ ಬಾಕ್ಸಿನಲ್ಲಿ ಇರುವುದಿಲ್ಲ, ಯಾರ ಟೂಲ್ ಬಾಕ್ಸಿನಲ್ಲೂ ಇರುವುದಿಲ್ಲ. ಪಕ್ಕದ ಟೈರ್ ಅಂಗಡಿಯಲ್ಲಿ ಕೇಳಿ. ಅದು ಮೊದಲು ನಿಮ್ಮದೇ ಆಗಿದ್ದಿರಬಹುದು, ಅದರ ಬಗ್ಗೆ ಮಾತೆತ್ತಬೇಡಿ.

ಟರ್ಮಿನಲ್ ಮೇಲೆ ಬೆಳೆದ ಬಿಳಿ, ಹಸಿರು ಪುಡಿಗೆ ಸೋಡಾ ಕಲಸಿದ ಬಿಸಿನೀರು ಹೊಯ್ಯಿರಿ, ಬುಸುಗುಟ್ಟಿ ಇಳಿಯುತ್ತದೆ. ನೀರು ಸೆಲ್ಲಿನ ಮುಚ್ಚಳದೊಳಕ್ಕೆ ಹೋಗದಿರಲಿ. ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕೊನೆಗೆ. ಕಾರಣ ಇಷ್ಟೇ: ಗಾಡಿಯ ಮೈಯೆಲ್ಲ ನೆಗೆಟಿವ್. ಅದು ಕೂಡಿಕೊಂಡಿರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರು ಬಾಡಿಗೆ ತಾಗಿದರೆ ಸ್ಪ್ಯಾನರು ಅಲ್ಲಿಗೇ ಬೆಸುಗೆಯಾಗುತ್ತದೆ. ಕಡಗ ಹಾಕಿದ ಕೈಯಾದರೆ ಇನ್ನೂ ಕೆಟ್ಟದ್ದು.

ಎತ್ತುವಾಗ ಹೊಟ್ಟೆಗೆ ಆನಿಸಿ ಎತ್ತಬೇಡಿ. ಅಂಗಿ ಅಂದು ಚೆನ್ನಾಗಿಯೇ ಇರುತ್ತದೆ. ಎರಡು ಸಲ ಒಗೆದ ಮೇಲೆ ತೂತುಗಳು ಕಾಣಿಸಿಕೊಂಡು ಮನೆಯಲ್ಲಿ ವಿಚಾರಣೆ ನಡೆಯುತ್ತದೆ. ಹೊಸದನ್ನು ಕೂರಿಸಿ, ಕ್ಲ್ಯಾಂಪ್ ಬಿಗಿದು (ಟ್ಯೂಬಲ್ಲ, ಕ್ಲ್ಯಾಂಪ್), ಟರ್ಮಿನಲ್ ಕಟ್ಟಿ, ಆಮೇಲೆ ಅದರ ಮೇಲೆ ವ್ಯಾಸಲೀನ್ ಸವರಿ. ಕಟ್ಟುವ ಮೊದಲೇ ಸವರುವವರು ಇದ್ದಾರೆ, ಅವರಿಗೆ ಕೆಲಸ ಬೇಗ ಮುಗಿದರೆ ಸಾಕು. ಕುಂಕುಮ ಹಚ್ಚುವುದಿದ್ದರೆ ಡಬ್ಬದ ಪಕ್ಕಕ್ಕೆ ಹಚ್ಚಿ. ಒಡೆದ ಕಾಯಿಯ ನೀರನ್ನು ಬಾನೆಟ್ಟಿನೊಳಗೆ ಚಿಮುಕಿಸಬೇಡಿ, ಅದು ಬ್ಯಾಟರಿ ನೀರಲ್ಲ.

ಧೂಳು

ಈ ಸೀಸದ ಬ್ಯಾಟರಿಯ ತಂತ್ರ ಹುಟ್ಟಿದ್ದು 1859ರಲ್ಲಿ, ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆಯ ಕೈಯಲ್ಲಿ. ಸೀಸ, ಗಂಧಕಾಮ್ಲ, ನೀರು. ಇಂದಿಗೂ ಹೆಚ್ಚು ಬದಲಾಗಿಲ್ಲ. ಈ ಆಮ್ಲಕ್ಕೆ ಬೆರೆಯಬಾರದ ವಸ್ತುಗಳ ಪಟ್ಟಿಯಲ್ಲಿ ಕಬ್ಬಿಣವೂ ಇದೆ. ಪ್ಲಾಂಟೆಗೆ ಸಂಡೂರು ಗೊತ್ತಿರಲಿಲ್ಲ.

ನಮ್ಮ ಅದಿರಿನಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಕಬ್ಬಿಣ. ಅದರ ಧೂಳು ಎಲೆ ಮೇಲೆ, ಒಣಹಾಕಿದ ಬಟ್ಟೆ ಮೇಲೆ, ಒಗ್ಗರಣೆ ಮೇಲೆ ಕೂರುವ ಹಾಗೆ ಬ್ಯಾಟರಿ ಮೇಲೂ ಕೂರುತ್ತದೆ. ನೀವು ನೀರು ಹಾಕಲು ಮುಚ್ಚಳ ತೆಗೆದಾಗ ಒಳಗೆ ಉದುರುತ್ತದೆ. ಆಮ್ಲದಲ್ಲಿ ಕರಗಿದ ಕಬ್ಬಿಣ ಪಾಸಿಟಿವ್ ಪ್ಲೇಟಿಗೆ ಹೋಗಿ ಅಲ್ಲಿನ ಚಾರ್ಜ್ ಸ್ವಲ್ಪ ತಿನ್ನುತ್ತದೆ, ರೂಪ ಬದಲಿಸಿ ನೆಗೆಟಿವ್‌ಗೆ ಬಂದು ಅಲ್ಲೂ ಸ್ವಲ್ಪ ತಿನ್ನುತ್ತದೆ, ಮತ್ತೆ ಹಳೆಯ ರೂಪಕ್ಕೆ ತಿರುಗಿ ಪಾಸಿಟಿವ್‌ಗೆ ಹೊರಡುತ್ತದೆ. ಎರಡೂ ಕಡೆ ಕಮಿಷನ್ ಹೊಡೆಯುವ ದಲ್ಲಾಳಿಯ ಹಾಗೆ ಅದು ಖರ್ಚಾಗುವುದೇ ಇಲ್ಲ, ಖರ್ಚಾಗುವುದು ಬ್ಯಾಟರಿ. ಆದ್ದರಿಂದ ಮುಚ್ಚಳ ತೆಗೆಯುವ ಮೊದಲು ಒದ್ದೆ ಬಟ್ಟೆಯಲ್ಲಿ ಮೇಲ್ಭಾಗ ಒರೆಸಿ. ಬ್ಯಾಟರಿ ನೀರನ್ನೇ ಹಾಕಿ, ಬೋರ್‌ವೆಲ್ಲಿನದು ಖಂಡಿತ ಬೇಡ. “ಆಸಿಡ್ ಕಡಿಮೆಯಾಗೈತಿ, ಸ್ವಲ್ಪ ಹಾಕ್ತೀನಿ” ಅನ್ನುವವರಿಗೆ ಹಾಕಲು ಬಿಡಬೇಡಿ. ಆವಿಯಾಗಿ ಹೋಗುವುದು ನೀರು. ಆಮ್ಲ ಅಲ್ಲೇ ಇರುತ್ತದೆ.

ಬಿಸಿಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬ್ಯಾಟರಿಯ ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧ ಎಂಬುದು ಈ ಕಸುಬಿನ ಹಳೆಯ ಲೆಕ್ಕ. ಏಪ್ರಿಲ್‌ನಲ್ಲಿ 40 ದಾಟುವ ಊರಿನಲ್ಲಿ, ಎಂಜಿನ್ನಿನ ಮಗ್ಗುಲಲ್ಲಿ ಅದು ಕೂತಿದೆ. ಕೆಡುವುದು ಬೇಸಿಗೆಯಲ್ಲಿ, ಕೆಟ್ಟದ್ದು ಗೊತ್ತಾಗುವುದು ಡಿಸೆಂಬರಿನ ಚಳಿಯ ಬೆಳಿಗ್ಗೆ.

ನಿಂತ ಗಾಡಿ

ಮೂರು ವಾರಕ್ಕಿಂತ ಹೆಚ್ಚು ಗಾಡಿ ನಿಲ್ಲುವುದಾದರೆ ನೆಗೆಟಿವ್ ಬಿಚ್ಚಿಡಿ. ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ. ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ.

ಈ ಪಾಠವನ್ನು ತಾಲ್ಲೂಕು ಒಮ್ಮೆ ಸಾಮೂಹಿಕವಾಗಿ ಕಲಿತಿದೆ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ ಸಲ್ಲಿಕೆಯಾಯಿತು. 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಹಗಲೂ ರಾತ್ರಿ ಓಡುತ್ತಿದ್ದ ಲಾರಿಗಳು ಬಯಲಲ್ಲಿ, ಪೆಟ್ರೋಲ್ ಬಂಕಿನ ಹಿಂದೆ, ಮನೆಗಳ ಮುಂದೆ ಸಾಲುಗಟ್ಟಿ ನಿಂತವು. ಕೋರ್ಟಿನ ಆದೇಶ ಸರಿಯಾಗಿಯೇ ಇತ್ತು, ಲೂಟಿ ನಿಲ್ಲಲೇಬೇಕಿತ್ತು. ಆದರೆ ಸಾಲ ಮಾಡಿ ಒಂದು ಲಾರಿ ಕೊಂಡಿದ್ದವನಿಗೆ ಎಷ್ಟು ದಿನ ನಿಲ್ಲಬೇಕೆಂದು ಯಾರೂ ಹೇಳಲಿಲ್ಲ. ನಾಳೆ ಶುರುವಾಗುತ್ತದೆ, ನಾಡಿದ್ದು ಶುರುವಾಗುತ್ತದೆ ಎಂದು ನೆಗೆಟಿವ್ ಬಿಚ್ಚದೆ ಕಾದರು. ಮೊದಲು ಬ್ಯಾಟರಿ ಹೋಯಿತು, ಆಮೇಲೆ ಟೈರು, ಆಮೇಲೆ ಫೈನಾನ್ಸಿನವರು ಬಂದರು. ಎಳೆದೊಯ್ಯಲು ಬಂದವರೂ ಸೆಲ್ಫ್ ಹೊಡೆದು ನೋಡಿ, ‘ಟಕ್’ ಎಂದಾಗ, ಬ್ಯಾಟರಿ ಹುಡುಕಿಕೊಂಡು ಹೋಗಬೇಕಾಯಿತು.

ಹಳೆಯದು, ಮತ್ತು ಕಾರ್ಡು

ಹಳೆ ಬ್ಯಾಟರಿಯನ್ನು ಅಂಗಡಿಯವನಿಗೇ ಕೊಡಿ, ತೂಕದ ಮೇಲೆ ಬೆಲೆ ಮುರಿದುಕೊಳ್ಳುತ್ತಾನೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಅದನ್ನು ಬೇರೆ ಕಸಕ್ಕೆ ಸೇರಿಸದೆ ಸಂಗ್ರಹಿಸುವವರಿಗೇ ಒಪ್ಪಿಸಿ ಎನ್ನುತ್ತವೆ. ತೂಗುವಾಗ ಮುಳ್ಳು ನೋಡುತ್ತಿರಿ. ಆಮ್ಲವನ್ನು ಚರಂಡಿಗೆ ಸುರಿದು ಬರೀ ಸೀಸ ಒಯ್ಯುವ ಗುಜರಿಯವನಿಗೆ ಹತ್ತು ರೂಪಾಯಿ ಆಸೆಗೆ ಕೊಡಬೇಡಿ. ಆ ಚರಂಡಿ ನಾರಿಹಳ್ಳಕ್ಕೆ ಹೋಗುತ್ತದೆ.

ವಾರಂಟಿ ಕಾರ್ಡಿನಲ್ಲಿ ತಾರೀಖು, ಸೀಲು, ಕೆಎ 35ರಿಂದ ಶುರುವಾಗುವ ನಿಮ್ಮ ಗಾಡಿ ನಂಬರು ಎಲ್ಲವನ್ನೂ ಎದುರಿಗೇ ಬರೆಸಿ. “ಆಮ್ಯಾಲ ಬರ್ಕೊಂತೀನಿ ಹೋಗಣ್ಣ” ಎಂದರೆ ಹೋಗಬೇಡಿ. 18+18 ಎಂದು ಬರೆದಿದ್ದರೆ ಮೊದಲ ಹದಿನೆಂಟು ತಿಂಗಳು ಕೆಟ್ಟರೆ ಪುಕ್ಕಟೆ, ಮುಂದಿನ ಹದಿನೆಂಟು ತಿಂಗಳು ರಿಯಾಯಿತಿ ಮಾತ್ರ. ಬ್ಯಾಟರಿ ಕೆಡುವುದು ಹತ್ತೊಂಬತ್ತನೆಯ ತಿಂಗಳಲ್ಲಿ. ಅಪ್ಪಿತಪ್ಪಿ ಹದಿನೇಳರಲ್ಲೇ ಕೆಟ್ಟರೆ ಓಡಿಹೋಗಿ ಕೊಡಿ. ಎರಡು ದಿನ ಚಾರ್ಜಿಗಿಟ್ಟು, “ಬ್ಯಾಟರಿ ಚಲೋ ಐತ್ರಿ, ನಿಮ್ಮ ಗಾಡಿ ತೋರಿಸ್ರಿ” ಎಂದು ವಾಪಸ್ ಕೊಡುತ್ತಾರೆ. ಬಹಳ ಸಲ ಅವರ ಮಾತು ನಿಜ. ಆ ಎರಡು ದಿನಕ್ಕೆಂದು ಅಂಗಡಿಯಿಂದ ಒಂದು ಸರ್ವಿಸ್ ಬ್ಯಾಟರಿ ಕೊಡುತ್ತಾರೆ, ತಾಲ್ಲೂಕಿನ ಎಲ್ಲ ಪಿಕಪ್ಪುಗಳನ್ನೂ ಸುತ್ತಿಬಂದದ್ದು. ಅದನ್ನು ಹಾಕಿಕೊಂಡ ದಿನ ನೀವೂ ದಿಬ್ಬ ನೋಡಿಯೇ ಗಾಡಿ ನಿಲ್ಲಿಸಿ.